ಬೆಟ್ಟದಿಂದ ಕಾಣುವ ಊರಿಗೇ ಹೆಣ್ಣು

ಇದನ್ನು ಹೇಳಬೇಕು ಹೇಳಬೇಕು ಎಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಮಕ್ಕಳ ಮದುವೆ ಆಗಲಿ ಎಂದೆ. ಆಮೇಲೆ ನಿವೃತ್ತಿ ಆಗಲಿ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಹೇಳೋಣ ಎಂದೆ. ಹೇಳುವುದಕ್ಕೆ ಬೇಕಾದದ್ದು ಬಾಯಿ, ಕಣ್ಣಲ್ಲ ಎಂದು ನನ್ನ ಹೆಂಡತಿ ನೆನಪಿಸಿದಳು. ಈಗ ಪೊರೆಯೂ ಹೋಗಿದೆ, ನೆಪಗಳೂ ಮುಗಿದಿವೆ.

ಇದು ನಮ್ಮ ಮಾವನ ವಿಷಯ. ಅಂದರೆ ಹೆಂಡತಿಯ ತಂದೆಯ ವಿಷಯ. ಲೋಕದಲ್ಲಿ ಹೆಣ್ಣು ಹೆತ್ತವರು ಜಾತಕ ನೋಡುತ್ತಾರೆ, ಜಮೀನು ನೋಡುತ್ತಾರೆ, ಹುಡುಗ ನಗುವಾಗ ಹಲ್ಲು ಹೇಗಿದೆ ಎಂದು ನೋಡುತ್ತಾರೆ. ನಮ್ಮ ಮಾವ ಇದ್ಯಾವುದನ್ನೂ ನೋಡಲಿಲ್ಲ. ತಮ್ಮೂರ ಬೆಟ್ಟ ಹತ್ತಿ ನಿಂತು, ಹುಡುಗನ ಮನೆ ಅಲ್ಲಿಂದ ಕಾಣುತ್ತದೆಯೋ ಇಲ್ಲವೋ ಎಂದಷ್ಟೇ ನೋಡಿದರು. ಕಂಡರೆ ಹೆಣ್ಣು ಉಂಟು, ಕಾಣದಿದ್ದರೆ ಇಲ್ಲ. ನಗಬೇಡಿ, ಹಾಗೆ ಆರಿಸಿ ತಂದ ಅಳಿಯಂದಿರಲ್ಲಿ ನಾನೂ ಒಬ್ಬ!

ಅವರ ಊರು ಬಂಗಾರಪೇಟೆಯ ಮಗ್ಗುಲಲ್ಲಿತ್ತು. ಆಗ ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಊರಿನ ಬೆನ್ನಿಗೇ ಬೆಟ್ಟ. ಬೆಟ್ಟದ ತುದಿಯಲ್ಲಿ ಸರ್ಕಾರದವರು ನೆಟ್ಟ ಒಂದು ಕಲ್ಲು, ಕಲ್ಲಿನ ಮೇಲೆ ಒಂದು ವೃತ್ತ, ವೃತ್ತದ ನಡುವೆ ಒಂದು ಚುಕ್ಕಿ. ಹಿಂದೆ ದೇಶ ಅಳೆಯಲು ಬಂದವರು ಇಂಥ ಒಂದು ಬೆಟ್ಟದಿಂದ ಇನ್ನೊಂದಕ್ಕೆ ನೋಟ ಹಾಯಿಸಿ, ಮೂರು ಮೂರು ಬೆಟ್ಟಗಳನ್ನು ಸೇರಿಸಿ ಒಂದೊಂದು ತ್ರಿಕೋನ ಮಾಡಿ, ತ್ರಿಕೋನದ ಪಕ್ಕಕ್ಕೆ ತ್ರಿಕೋನ ಜೋಡಿಸಿ, ಮೀನಿನ ಬಲೆಯ ಹಾಗೆ ನಾಡಿನ ಮೇಲೆಲ್ಲ ಹಾಸಿಬಿಟ್ಟಿದ್ದರು. ಮಾವನಿಗೆ ಮೀಸೆ ಮೂಡುವ ವಯಸ್ಸಿನಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನ ಇನ್ನೂ ಮುಗಿಯದಿದ್ದಾಗ, ಅವರು ಆ ಕೆಲಸದಲ್ಲಿ ಕನ್ನಡಿಯಾಳಾಗಿದ್ದರು.

ಕನ್ನಡಿಯಾಳು ಎಂದರೆ ಯಾರು ಎಂಬುದು ಈಗಿನವರಿಗೆ ಗೊತ್ತಿರಲಾರದು. ದೂರದ ಬೆಟ್ಟದ ಮೇಲೆ ಬಾವುಟ ನೆಟ್ಟರೆ ದುರ್ಬೀನಿಗೂ ಸರಿಯಾಗಿ ಸಿಕ್ಕುವುದಿಲ್ಲ. ಅದಕ್ಕೆ ಅಲ್ಲೊಬ್ಬ ಕೂತು, ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು, ಈ ಬೆಟ್ಟದ ಕಡೆಗೆ ತಿರುಗಿಸಬೇಕು. ಸೂರ್ಯ ಸರಿದ ಹಾಗೆ ಕನ್ನಡಿಯನ್ನೂ ಸರಿಸುತ್ತಿರಬೇಕು. ಇತ್ತ ಯಂತ್ರದ ಹಿಂದೆ ಕೂತ ಸಾಹೇಬರಿಗೆ ಹಗಲಲ್ಲೇ ಒಂದು ನಕ್ಷತ್ರ ಕಾಣಿಸುತ್ತದೆ. ಅದಕ್ಕೆ ಗುರಿಯಿಟ್ಟು ಅವರು ಕೋನ ಅಳೆಯುತ್ತಾರೆ. ಮಾವನ ಬೆಳಕಿನಷ್ಟು ಅಲುಗದ ಬೆಳಕು ಇನ್ನೊಂದಿಲ್ಲ ಎಂದು ಯಾವನೋ ಸಾಹೇಬ ಹೇಳಿದ್ದನಂತೆ. ಆ ಮಾತನ್ನು ಮಾವ ಊರಿನ ದನಕರುಗಳಿಗೂ ಹೇಳಿ ಮುಗಿಸಿದ್ದರು.

ಸರ್ವೆ ಮುಗಿಯಿತು, ಡೇರೆ ಕಿತ್ತರು, ಸಾಹೇಬರು ಹೋದರು. ಎಲ್ಲರ ಪಾಲಿಗೆ ಮುಗಿದದ್ದು ನಮ್ಮ ಮಾವನ ಪಾಲಿಗೆ ಮಾತ್ರ ಮುಗಿಯಲಿಲ್ಲ. ಗಣಿಯ ಕಡೆಯ ಆಂಡರ್ಸನ್‌ಪೇಟೆಯ ಅಂಗಡಿಯಿಂದ ಸ್ವಂತಕ್ಕೊಂದು ಕನ್ನಡಿ ತಂದರು. ಮುಂದೆ ಊರ ಪಟೇಲಿಕೆಯೂ ಬಂತು, ಅದರ ಜೊತೆಗೆ ಬೆಟ್ಟದ ಕಲ್ಲನ್ನು ಕಾಯುವ ಹೊಣೆಯೂ ಬಂತು. ಇನ್ನು ಕೇಳಬೇಕೆ? ಕಲ್ಲು ನೋಡಿ ಬರುತ್ತೇನೆಂದು ಬೆಳಿಗ್ಗೆ ಹೋದವರು ಬೆಟ್ಟದ ಮೇಲಿಂದಲೇ ಸಂಸಾರ ನಡೆಸತೊಡಗಿದರು. ಅಡುಗೆಮನೆಯ ಕಿಟಕಿಗೆ ಒಂದು ಸಲ ಬೆಳಕು ಬಿದ್ದರೆ ಹಸಿವು. ಎರಡು ಸಲ ಬಿದ್ದರೆ ನೆಂಟರು ಬರುತ್ತಿದ್ದಾರೆ. ಗೋಡೆಯ ಮೇಲೆ ಅಡ್ಡಾದಿಡ್ಡಿ ಕುಣಿದರೆ ಎಮ್ಮೆ ರಾಗಿ ಹೊಲಕ್ಕೆ ನುಗ್ಗಿದೆ.

ಅತ್ತೆಗೆ ಈ ಭಾಷೆಯಲ್ಲಿ ಉತ್ತರ ಕೊಡಲು ಇದ್ದದ್ದು ಹುಣಸೆಹಣ್ಣು ಹಾಕಿ ಉಜ್ಜಿದ ಒಂದು ಹಿತ್ತಾಳೆ ತಟ್ಟೆ. ಅಂಗಳಕ್ಕೆ ಬಂದು ತಟ್ಟೆಯನ್ನು ಬಿಸಿಲಿಗೆ ಎತ್ತಿದರೆ ಮುದ್ದೆ ಆಗಿದೆ ಎಂದರ್ಥ. ತಟ್ಟೆಯ ಬೆನ್ನು ತಿರುಗಿಸಿ ಹಿಡಿದರೆ ಆ ದಿನ ಮಾವ ಕೆಳಗಿಳಿಯುವ ಮುಂಚೆ ಸ್ವಲ್ಪ ಯೋಚಿಸುವುದು ಒಳ್ಳೆಯದು.

"ಮೋಡ ಮುಚ್ಕೊಂಡ ದಿನ ನಂಗೆ ನೆಮ್ದಿ ಕಣಪ್ಪಾ" ಎನ್ನುತ್ತಿದ್ದರು ಅತ್ತೆ. "ಆವತ್ತೊಂದಿನ ಆ ಮನುಸ್ಯ ಬಾಯಾಗೆ ಮಾತಾಡ್ತಾನೆ."

ಇಂಥವರಿಗೆ ಮೂರು ಹೆಣ್ಣುಮಕ್ಕಳು. ದೊಡ್ಡವಳನ್ನು ಬೇತಮಂಗಲದ ಕೆರೆ ಏರಿಯ ಮೇಲಿನ ಒಂದು ಮನೆಗೆ ಕೊಟ್ಟರು. ಏರಿ ಎತ್ತರ, ಬೆಳಕು ಚೆನ್ನಾಗಿ ಬರುತ್ತದೆ. ಎರಡನೆಯವಳನ್ನು ಟೇಕಲ್ ಕಡೆಗೆ ಕೊಟ್ಟರು. ಮೂರನೆಯವಳಿಗೆ ಕೋಲಾರದಿಂದ ಒಳ್ಳೆಯ ಸಂಬಂಧ ಬಂತು. ಬಾವಿ, ಎತ್ತು, ಹೆಂಚಿನ ಮನೆ, ಏನು ಕೇಳಿದರೂ ಇತ್ತು. ಮಾವ ಬೆಟ್ಟ ಹತ್ತಿ ಇಳಿದು ಬಂದು ತಲೆಯಾಡಿಸಿದರು.

"ಆಗಾಕಿಲ್ಲ. ನಡುವೆ ಗುಡ್ಡ ಬತ್ತದೆ."

"ಗುಡ್ಡಕ್ಕೂ ಮದ್ವೆಗೂ ಏನ್ ಸಂಬಂಧ ಪಟೇಲ್ರೇ?" ಎಂದರು ಬಂದವರು.

"ಗುಡ್ಡ ಕಡಿಸ್ಬುಟ್ಟು ಬನ್ನಿ, ಆಮ್ಯಾಲೆ ಮಾತಾಡಾನ."

ಈ ಹುಚ್ಚಿಗೆ ಒಂದು ಕಾರಣ ಇತ್ತು. ಅದನ್ನು ಮಾವ ಹೇಳುತ್ತಿರಲಿಲ್ಲ, ಅತ್ತೆ ಹೇಳಿದರು. ಮಾವನ ಅಕ್ಕನನ್ನು ಘಟ್ಟದ ಕೆಳಗಿನ ಯಾವುದೋ ಊರಿಗೆ ಕೊಟ್ಟಿದ್ದರಂತೆ. ಆಕೆ ಕಾಯಿಲೆ ಬಿದ್ದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಸುದ್ದಿ ಬರುವ ಹೊತ್ತಿಗೆ ಅಲ್ಲಿ ಕರ್ಮಾಂತರವೇ ಮುಗಿದುಹೋಗಿತ್ತು. ಆ ದಿನ ಸುದ್ದಿ ಬಂದಾಗ ಮಾವ ಬೆಟ್ಟದ ಮೇಲೆ ಕನ್ನಡಿ ಹಿಡಿದು, ಎಷ್ಟೋ ದೂರದ ಬೆಟ್ಟದಿಂದ ಬರುವ ಯಾರದೋ ಬೆಳಕಿಗೆ ಉತ್ತರ ಕೊಡುತ್ತಿದ್ದರಂತೆ. "ಗುರುತಿಲ್ಲದೋರ ಬೆಳಕು ಬತ್ತಿತ್ತು, ನಮ್ಮಕ್ಕುಂದು ಬರ್ಲಿಲ್ಲ" ಎಂದು ಒಂದೇ ಸಲ ಹೇಳಿದ್ದರಂತೆ. ಅದಕ್ಕೇ ಈ ಕಟ್ಟುಪಾಡು. ಭಾನುವಾರ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮೂರೂ ಮಕ್ಕಳ ಮನೆಯಿಂದ ಬೆಳಕು ಬರಬೇಕು. ಬಂದರೆ ಎಲ್ಲರೂ ಸುಖ. ಆಮೇಲೆ ಅವರು ಊಟಕ್ಕೆ ಇಳಿಯುತ್ತಿದ್ದರು.

ಈಗ ನನ್ನ ಪ್ರವೇಶ. ನಾನು ಉರಿಗಾಂನ ಚಿನ್ನದ ಗಣಿಯೊಂದರ ಸ್ಟೋರಿನಲ್ಲಿ ಗುಮಾಸ್ತ. ಹೈಸ್ಕೂಲು ಓದಿದವನು, ಪ್ಯಾಂಟು ಹಾಕುವವನು, ಆ ಎರಡರ ಬಗ್ಗೆಯೂ ಸ್ವಲ್ಪ ಜಂಬ ಇದ್ದವನು. ಬೌರಿಂಗ್‌ಪೇಟೆಯ ಸ್ಟೇಷನ್ನಿನಲ್ಲಿ ಗಣಿಯ ರೈಲಿಗೆ ಕಾಯುತ್ತಿದ್ದಾಗ, ಗಾಳಿಗೆ ನನ್ನ ಕೊಡೆ ಮಗುಚಿಕೊಂಡಿತು. ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಹುಡುಗಿಯೊಬ್ಬಳು ಬಿದ್ದು ಬಿದ್ದು ನಕ್ಕಳು. ಹೆಂಗಸೊಬ್ಬಳು ಅಷ್ಟು ಚೆನ್ನಾಗಿ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ವಿಚಾರಿಸಿದೆ. ಪಟೇಲರ ಮೂರನೆಯ ಮಗಳು ಎಂದರು. ಹಾಗೆಯೇ ಬೆಟ್ಟದ ಷರತ್ತನ್ನೂ ಹೇಳಿದರು.

ಮನೆಗೆ ಬಂದು ಅಂಗಳದಲ್ಲಿ ನಿಂತು ಪಡುವಣಕ್ಕೆ ನೋಡಿದೆ. ಬೆಟ್ಟ ಎಲ್ಲಿದೆ? ನನ್ನ ಮನೆಯ ಎದುರಿಗೆ ಇದ್ದದ್ದು ಸೈನೈಡ್ ದಿಬ್ಬ. ಗಣಿಯಿಂದ ತಂದ ಕಲ್ಲನ್ನು ಹಿಟ್ಟು ಮಾಡಿ, ಚಿನ್ನ ಸೋಸಿಕೊಂಡು, ಉಳಿದ ಬಿಳಿಯ ಮಣ್ಣನ್ನು ಅಲ್ಲಿ ಸುರಿಯುತ್ತಿದ್ದರು. ಸುರಿದು ಸುರಿದು ಅದೇ ಒಂದು ಬೆಟ್ಟವಾಗಿತ್ತು. ಅದರ ಆಚೆಗೆ ಮಾವನ ಬೆಟ್ಟವಲ್ಲ, ಮೇರು ಪರ್ವತವಿದ್ದರೂ ನನ್ನ ಮನೆಗೆ ಕಾಣುವಂತಿರಲಿಲ್ಲ.

ನಾನು ಏನು ಮಾಡಬೇಕಿತ್ತು? ಸಜ್ಜನನಾದವನು ಸುಮ್ಮನಾಗುತ್ತಿದ್ದ. ನಿಜ ಅಡ್ಡ ಬಂದಿತ್ತು, ನಾನು ಅದರ ಮೇಲೆ ಹತ್ತಿ ನಿಂತೆ. ಹೆಣ್ಣು ಕೇಳಿ ಕಳಿಸಿದೆ. ಮಾವ ಗೊತ್ತುಮಾಡಿದ ಭಾನುವಾರ, ಕ್ಷೌರದ ಕನ್ನಡಿ ಹಿಡಿದು, ದಿಬ್ಬದ ತುದಿಯಿಂದ ಬೆಟ್ಟಕ್ಕೆ ಬೆಳಕು ಬಿಟ್ಟೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದು ಹೊಳಪು ಬಂತು. ನನ್ನ ಮದುವೆ ನಿಶ್ಚಯವಾದದ್ದು ಹಾಗೆ.

"ಬೇತಮಂಗಲಕ್ಕೂ ಉರಿಗಾಂಗೂ ಕೋನ ಸ್ವಲ್ಪ ಇಕ್ಕಟ್ಟಾಯ್ತು" ಎಂದರಂತೆ ಮಾವ. ಅವರ ಪ್ರಕಾರ ತ್ರಿಕೋನ ತೀರಾ ಚಪ್ಪಟೆಯಾಗಿದ್ದರೆ ಲೆಕ್ಕಕ್ಕೂ ಒಳ್ಳೆಯದಲ್ಲ, ಸಂಸಾರಕ್ಕೂ ಒಳ್ಳೆಯದಲ್ಲ. "ಓಗ್ಲಿ ಬುಡು, ಉಡುಗ ಐಸ್ಕೂಲು ಓದವ್ನೆ."

ಆ ದಿನವೇ ಅವರು ಇನ್ನೊಂದು ಕೆಲಸ ಮಾಡಿದರು. ಸರ್ಕಾರದ ಕಲ್ಲಿನ ಪಕ್ಕದಲ್ಲಿ ಒಂದು ಉದ್ದನೆಯ ಬಂಡೆ. ಅದರ ಮೇಲೆ ಹಿರಿಯ ಮಕ್ಕಳಿಬ್ಬರ ಮನೆಯ ಬೆಳಕಿಗೆ ನೇರವಾಗಿ ಒಂದೊಂದು ಗೀರು ಕೊರೆದಿದ್ದರು. ಬಂಡೆಗೆ ಕಣ್ಣಿಟ್ಟು ಗೀರಿನ ಉದ್ದಕ್ಕೆ ನೋಡಿದರೆ, ಅದರ ತುದಿಯಲ್ಲಿ ಮಗಳ ಬೆಳಕು ಕೂತಿರುತ್ತಿತ್ತು. ಈಗ ಮೂರನೆಯ ಗೀರನ್ನು ನನ್ನ ಬೆಳಕಿಗೆ ಕೊರೆದರು. ನನ್ನ ಸುಳ್ಳು ಕಲ್ಲಿನಲ್ಲಿ ಕೂತಿತು.

ಮದುವೆಯಾಗಿ ಬಂದವಳು ಮೊದಲ ದಿನವೇ ಅಂಗಳಕ್ಕೆ ಹೋದಳು.

"ಎಲ್ಲಿ ನಮ್ಮಪ್ಪನ ಬೆಟ್ಟ?"

"ಅದೇ, ಆ ದಿಬ್ಬದ ಆಚೆಗೆ."

"ಆಚೆಗೆ ಅಂದ್ರೆ?"

"ಆಚೆಗೆ ಅಂದರೆ, ದಿಬ್ಬ ಇಲ್ಲದಿದ್ದರೆ ಕಾಣ್ತಿತ್ತು."

"ದಿಬ್ಬ ಐತಲ್ಲ."

"ಐತೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಳ್ಳೇಳಿ ಕಟ್ಕೊಂಡ್ರಾ ನನ್ನ?"

"ಪೂರ್ತಿ ಸುಳ್ಳಲ್ಲ. ಸ್ವಲ್ಪ ಎತ್ತರದಿಂದ ಹೇಳಿದ ನಿಜ."

ಸ್ಟೇಷನ್ನಿನಲ್ಲಿ ನಕ್ಕ ಹಾಗೆಯೇ ನಕ್ಕಳು. ನಾನು ಬದುಕಿಕೊಂಡೆ ಎಂದುಕೊಳ್ಳುವಷ್ಟರಲ್ಲಿ ನಗು ನಿಲ್ಲಿಸಿ ಹೇಳಿದಳು: "ಭಾನ್ವಾರ ಬೆಳಕು ಬರ್ಲಿಲ್ಲ ಅಂದ್ರೆ ಅಪ್ಪ ಊಟ ಮಾಡಾಕಿಲ್ಲ. ಅಷ್ಟು ತಿಳ್ಕೊಂಡಿರಿ."

ತಿಳಿದುಕೊಂಡೆ. ಅಂದಿನಿಂದ ಭಾನುವಾರ ಬೆಳಗಾದರೆ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡು ದಿಬ್ಬ ಹತ್ತುವುದೇ ನನ್ನ ಪಾಡಾಯಿತು. ಆ ಮಣ್ಣು ಕಾಲಿಟ್ಟರೆ ಜಾರುತ್ತದೆ, ಗಾಳಿ ಬೀಸಿದರೆ ಕಣ್ಣಿಗೆ ಬರುತ್ತದೆ. ಇಳಿದು ಬರುವ ಹೊತ್ತಿಗೆ ಮೊಣಕಾಲಿನವರೆಗೆ ಬಿಳೀ ಕಾಲುಚೀಲ ಹಾಕಿಕೊಂಡವನಂತೆ ಕಾಣುತ್ತಿದ್ದೆ. ಅಕ್ಕಂದಿರು ತಮ್ಮ ತಮ್ಮ ಅಂಗಳದಲ್ಲಿ ಹಾಯಾಗಿ ನಿಂತು ಬೆಳಕು ತೋರಿಸುತ್ತಿದ್ದರು. ಅವರ ಗಂಡಂದಿರು ಮಲಗಿರುತ್ತಿದ್ದರು.

ಒಂದು ದಿನ ದಿಬ್ಬದ ಕಾವಲುಗಾರ ನನ್ನನ್ನು ಹಿಡಿದ. ಗಣಿಯ ಊರಿನಲ್ಲಿ ಚಿನ್ನದ ಕಳ್ಳರ ಭಯ ಬಹಳ. ದಿಬ್ಬದ ಮೇಲೆ ನಿಂತು ಕನ್ನಡಿ ಆಡಿಸುವವನು ಕಳ್ಳರಿಗೆ ಸನ್ನೆ ಮಾಡದೆ ಮತ್ತೇನು ಮಾಡಿಯಾನು? ಅವನು ತಮಿಳಿನವನು, ಕನ್ನಡವನ್ನೂ ತನ್ನ ರೀತಿಯಲ್ಲಿ ಆಡುತ್ತಿದ್ದ.

"ಯಾರ್‌ಗೆ ಸಾರ್ ಲೈಟ್ ಅಡಿಕ್ಕಿರದು?"

"ನಮ್ಮ ಮಾವನಿಗೆ."

"ಮಾಮನಾರ್‌ಗೆ? ಎಲ್ಲಿ ಅವರು?"

ದೂರದ ಬೆಟ್ಟ ತೋರಿಸಿದೆ. ಅಷ್ಟು ಹೊತ್ತಿಗೆ ಸರಿಯಾಗಿ ಅಲ್ಲಿಂದ ಮಾವನ ಬೆಳಕು ಮಿಂಚಿತು. ಕಾವಲುಗಾರ ಬಾಯಿ ತೆರೆದುಕೊಂಡು ನೋಡಿದ. ನಾನು ಕಥೆಯನ್ನೆಲ್ಲ ಹೇಳಿದೆ. ಜೈಲಿಗೆ ಹೋಗುವುದಕ್ಕಿಂತ ನಗೆಪಾಟಲಾಗುವುದು ವಾಸಿ ಅಲ್ಲವೇ? ಅವನು ಬೆಟ್ಟವನ್ನೂ ನನ್ನ ಕನ್ನಡಿಯನ್ನೂ ನೋಡಿ ಕೇಳಿದ: "ನಮ್ಮ ಮಾಮನಾರ್ ವೇಲೂರಲ್ಲಿ ಇರ್ಕಾರೆ. ಅವರ್‌ಗೂ ಒಂದು ಅಡಿಚ್ಚು ಬಿಡಿ ಸಾರ್. ಬದುಕಿದಾರಾ ಅಂತ ತಿಳೀಲಿ." ಅಂದಿನಿಂದ ಅವನು ನನ್ನ ಕಡೆಯವನಾದ. ನನಗೆ ಜ್ವರ ಬಂದ ಭಾನುವಾರಗಳಲ್ಲಿ ಅವನೇ ಬೆಳಕು ತೋರಿಸುತ್ತಿದ್ದ.

ಹೀಗೆ ಎಲ್ಲವೂ ನಡೆದುಕೊಂಡು ಹೋಗುತ್ತಿತ್ತು. ಆದರೆ ನಾನು ಒಂದು ವಿಷಯ ಮರೆತಿದ್ದೆ. ಬೆಟ್ಟ ಬೆಳೆಯುವುದಿಲ್ಲ, ದಿಬ್ಬ ಬೆಳೆಯುತ್ತದೆ! ಗಣಿಯವರು ವರ್ಷವಿಡೀ ಮಣ್ಣು ಸುರಿಯುತ್ತಿದ್ದರು. ದಿಬ್ಬ ಮೇಲಕ್ಕೂ ಏರುತ್ತಿತ್ತು, ಪಕ್ಕಕ್ಕೂ ಹಬ್ಬುತ್ತಿತ್ತು. ತುದಿಯಲ್ಲಿ ನಿಲ್ಲುವ ನಾನೂ ಅದರ ಜೊತೆಗೆ ಏರುತ್ತಿದ್ದೆ. ಅತ್ತ ಬಂಡೆಯ ಮೇಲೆ ಕಣ್ಣಿಟ್ಟ ಮಾವನಿಗೆ ಮೂರನೆಯ ಮಗಳ ಬೆಳಕು ಗೀರನ್ನು ಬಿಟ್ಟು ಮೇಲೇಳುತ್ತಿರುವುದು ಕಾಣಿಸಿತು. ಮೊದಲು ಕೂದಲಿನಷ್ಟು, ಆಮೇಲೆ ದಾರದಷ್ಟು, ಆಮೇಲೆ ರಾಗಿ ಕಾಳಿನಷ್ಟು.

ಬೇರೆ ಯಾರಾದರೂ ಆಗಿದ್ದರೆ ಅಳಿಯನ ಮೇಲೆ ಅನುಮಾನಪಡುತ್ತಿದ್ದರು. ಮಾವ ಭೂಮಿಯ ಮೇಲೆ ಅನುಮಾನಪಟ್ಟರು.

"ಗಣಿ ನೆಲ ಮ್ಯಾಲಕ್ಕೇಳ್ತಾ ಐತೆ" ಎಂದು ಬೌರಿಂಗ್‌ಪೇಟೆಯ ಕಾಫಿ ಹೋಟೆಲಿನಲ್ಲಿ ಸಾರಿದರು. "ತಕ್ಕಡಿ ನೋಡಿಲ್ವೇನ್ಲಾ? ಒಂದ್ ತಟ್ಟೇಲಿರೋ ಭಾರ ತೆಗುದ್ರೆ ತಟ್ಟೆ ಮ್ಯಾಲಕ್ಕೆ ಬತ್ತದೆ. ನೆಲದೊಳಗಿನ ಚಿನ್ನ ತೆಗುದ್ರೆ ನೆಲ ಅಗುರಾಗಾಕಿಲ್ವಾ?"

ಬೇತಮಂಗಲದ ಅಳಿಯ, ಅಂದರೆ ನನ್ನ ಷಡ್ಡಕ, ಅಲ್ಲೇ ಕೂತಿದ್ದ. "ಅಂಗಾದ್ರೆ ಚಿನ್ನ ಪೂರಾ ತೆಗುದ್ಮ್ಯಾಲೆ ಉರಿಗಾಂ ಆರೋಗ್ತದಾ ಮಾವ? ಅಲ್ಲಿರೋ ನಮ್ ತಮ್ಮುನ್ನ ಹಗ್ಗದಾಗೆ ಕಟ್ಟಾಕ್ಬೇಕಾಯ್ತದೆ" ಎಂದ. ಹೋಟೆಲಿಗೆ ಹೋಟೆಲೇ ನಕ್ಕಿತು.

ಮಾವ ನಗಲಿಲ್ಲ. ಮುಂದಿನ ಹಬ್ಬಕ್ಕೆ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಳಿಯಂದ್ರೇ, ನಿಮ್ಮ ಬಾವಿ ನೀರು ಕೆಳಕ್ಕೋಗ್ತಾ ಐತಾ?"

"ಸ್ವಲ್ಪ ಹೋದ ಹಾಗಿದೆ ಮಾವ."

"ಕಿವಿ ಗುಂಯ್ ಅಂತದಾ?"

"ಕೆಲವು ಸಲ."

"ನೋಡಿದ್ರಾ? ಎತ್ತರಕ್ಕೋದ್ರೆ ಅಂಗೇಯಾ" ಎಂದು ಅವರು ತೃಪ್ತಿಯಿಂದ ತಲೆದೂಗಿದರು. ಮನೆಗೆ ಇನ್ನೊಂದು ಮೆಟ್ಟಿಲು ಕಟ್ಟಿಸಿಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟರು. ಅಷ್ಟು ವರ್ಷ ಅವರು ನನ್ನ ಮನೆಗೆ ಬಂದಿರಲಿಲ್ಲ. ಬೆಳಕು ಬರುತ್ತಿದೆಯಲ್ಲ, ಯಾಕೆ ಬರಬೇಕು ಎನ್ನುವುದು ಅವರ ವಾದ. ನನಗೂ ಅದೇ ಸಮಾಧಾನ.

ಆಮೇಲೆ, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಒಂದು ಚಳಿಗಾಲ, ಹೊಸ ಸರ್ವೆಯವರು ಬಂದರು. ಹಳೆಯ ಬಲೆಯನ್ನು ಒಂದೊಂದು ಕಾಲದಲ್ಲಿ ಒಂದೊಂದು ತುಂಡಾಗಿ ಹೆಣೆದಿದ್ದರು. ಈಗ ಹೊಸ ಯಂತ್ರಗಳು ಬಂದಿದ್ದವು. ಅವೇ ಬೆಟ್ಟಗಳ ಮೇಲೆ, ಅವೇ ಚುಕ್ಕಿಗಳ ಮೇಲೆ ಯಂತ್ರ ಇಟ್ಟು ಮತ್ತೆ ಅಳೆದು, ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡುವುದು ಅವರ ಕೆಲಸ. ಆಫೀಸರು ಮದ್ರಾಸಿನ ಕಡೆಯವರು, ಮೆದು ಮಾತಿನವರು, ಲೆಕ್ಕದಲ್ಲಿ ಮಾತ್ರ ಕೂದಲು ಸೀಳುವ ಮನುಷ್ಯ.

ಮಾವನಿಗೆ ಆಗ ಎಪ್ಪತ್ತರ ಆಸುಪಾಸು. ಬೆಟ್ಟದ ಮೇಲೆ ಡೇರೆ ಕಂಡ ದಿನ ಹೊಸ ರುಮಾಲು ಸುತ್ತಿದರು. ಸರ್ವೆ ಪಾರ್ಟಿ ಮುಂದಿನ ಬೆಟ್ಟಕ್ಕೆ ಹೋದಾಗ ಈ ಬೆಟ್ಟದಿಂದ ಬೆಳಕು ತೋರಿಸಲು ಒಬ್ಬ ನಂಬಿಕಸ್ಥ ಬೇಕಾಗಿತ್ತು. ಮಾವನ 'ಅಲುಗದ ಬೆಳಕಿನ' ಕಥೆ ಆಫೀಸರ ಕಿವಿಗೂ ಬಿದ್ದಿತ್ತು. "ಸಾಯೋದ್ರೊಳಗೆ ಇನ್ನೊಂದ್ ಸಲ ಸರ್ಕಾರದ ಕನ್ನಡಿ ಇಡೀಬೇಕು ಕಣೇ" ಎಂದು ಅತ್ತೆಗೆ ಹೇಳಿದರಂತೆ. ಅತ್ತೆ ಆ ದಿನ ತಟ್ಟೆಯನ್ನು ಎರಡು ಸಲ ಉಜ್ಜಿದರಂತೆ.

ಅಳಿಯಂದಿರೆಲ್ಲ ಬರಬೇಕೆಂದು ಹೇಳಿ ಕಳಿಸಿದರು. ಅದು ಭಾನುವಾರ. ಕನ್ನಡಿಯನ್ನು ಕಾವಲುಗಾರನಿಗೆ ಕೊಟ್ಟು ನಾನೂ ಬಂದೆ. ಬೆಟ್ಟದ ಮೇಲೆ ಊರಿಗೆ ಊರೇ ಸೇರಿತ್ತು. ಆಫೀಸರು ಹಳೆಯ ಅಳತೆಗೂ ತಮ್ಮ ಅಳತೆಗೂ ತಾಳೆ ನೋಡಿ, ಸರ್ಕಾರದ ಕಲ್ಲನ್ನು ಕೈಯಿಂದ ತಟ್ಟಿ, ಇದು ಒಂದಿಷ್ಟೂ ಅಲುಗಿಲ್ಲ, ಚೆನ್ನಾಗಿ ಕಾಪಾಡಿದ್ದೀರಿ ಎಂದರು. ಮಾವನ ಮುಖ ನೋಡಬೇಕಿತ್ತು. ಮೊಮ್ಮಗು ಮೊದಲ ಹೆಜ್ಜೆ ಇಟ್ಟಾಗಲೂ ಅವರು ಅಷ್ಟು ಹಿಗ್ಗಿರಲಿಲ್ಲ.

ಆಗ ಷಡ್ಡಕ ಸುಮ್ಮನಿರಬಾರದೇ? ಬಂಡೆಯ ಮೇಲಿನ ಮೂರು ಗೀರು ತೋರಿಸಿ, ಹೆಣ್ಣು ಕೊಟ್ಟ ಕಥೆ ಹೇಳಿ, "ಉರಿಗಾಂ ಮ್ಯಾಲಕ್ಕೇಳ್ತಾ ಐತಂತೆ ಸ್ವಾಮಿ, ಅದನ್ನೂ ಒಸಿ ಅಳೀರಿ" ಎಂದ. ಜನ ನಕ್ಕರು. ಆಫೀಸರಿಗೆ ಕುತೂಹಲವಾಯಿತು. ಬಂಡೆಯ ಪಕ್ಕಕ್ಕೆ ಸಣ್ಣ ಯಂತ್ರ ತರಿಸಿದರು. ಅಷ್ಟು ಹೊತ್ತಿಗೆ ಮೂರೂ ಬೆಳಕು ಬಂದಿದ್ದವು. ಬೇತಮಂಗಲದ ಬೆಳಕು ಅದರ ಗೀರಿನಲ್ಲಿ ಕೂತಿತ್ತು. ಟೇಕಲ್ಲಿನದೂ ಕೂತಿತ್ತು. ಉರಿಗಾಂನದು ಗೀರಿನಿಂದ ಮೇಲಕ್ಕೆ, ಪಕ್ಕಕ್ಕೆ ಹೋಗಿತ್ತು.

ಆಫೀಸರು ಬಹಳ ಹೊತ್ತು ನೋಡಿ ತಮಿಳಿನಲ್ಲಿ ಹೇಳಿದರು. ಗಡಿಯ ನಮಗೆಲ್ಲ ತಮಿಳು ಗೊತ್ತು. "ಹಳೆಯದಕ್ಕೂ ಹೊಸದಕ್ಕೂ ತಾಳೆ ಬರದಿದ್ದರೆ ನಾವು ಮೊದಲು ಕೇಳುವುದು ಎರಡೇ ಪ್ರಶ್ನೆ. ಬಂಡೆ ಅಲುಗಿಲ್ಲ, ಮಿಕ್ಕ ಎರಡು ಗೀರು ಸರಿ ಇವೆ. ಹಾಗಾದರೆ, ಗೀರು ಹಾಕಿದ ದಿನ ನಿಮ್ಮ ಕಣ್ಣು ತಪ್ಪಿರಬೇಕು. ಇಲ್ಲ, ಬೆಳಕು ಬರುವ ಜಾಗವೇ ಬೇರೆಯಾಗಿರಬೇಕು. ಜಾಗ ಬದಲಾಗಿದೆ ಅನ್ನುವುದಾದರೆ ಹೇಳಿ, ಇವತ್ತೇ ಒಬ್ಬನನ್ನು ಉರಿಗಾಂಗೆ ಕಳಿಸಿ, ಬೆಳಕು ಎಲ್ಲಿಂದ ಬರುತ್ತಿದೆ ನೋಡಿಸುತ್ತೇನೆ."

ಸ್ಟೋರಿನ ಗುಮಾಸ್ತನಾದ ನನಗೆ ಆ ಚಳಿಯಲ್ಲೂ ಬೆವರು ಕಿತ್ತು ಬಂತು. ಮೂರನೆಯ ಉತ್ತರವೊಂದಿತ್ತು: ಅಳಿಯ ಮೋಸಗಾರ. ಸರ್ವೆಯವರ ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಂದು ಮಾತು ಹೇಳಿದ್ದರೆ ಮಾವನ ಕಣ್ಣು ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಮಾವ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಯಾರ್ನೂ ಕಳಿಸ್ಬ್ಯಾಡಿ ಸ್ವಾಮಿ" ಎಂದರು ಮಾವ. "ಬೆಳಕು ಸರ್ಯಾಗೇ ಐತೆ. ನನ್ ಕಣ್ಣೇ ತಪ್ಪು."

ಹೋಟೆಲಿನಲ್ಲಿ ವರ್ಷಗಟ್ಟಲೆ ವಾದಿಸಿದ ತಕ್ಕಡಿಯ ಮಾತನ್ನು ಅವರು ಎತ್ತಲೇ ಇಲ್ಲ. ಆಫೀಸರು ಸಭ್ಯರು, ಹೆಗಲು ತಟ್ಟಿದರು. ಆದರೆ ತಪ್ಪುವ ಕಣ್ಣಿಗೆ ಸರ್ಕಾರದ ಕನ್ನಡಿ ಕೊಡಲಾಗುತ್ತದೆಯೇ? ಪಾರ್ಟಿಯ ಜೊತೆ ಯಂತ್ರ ಹೊತ್ತು ಬಂದಿದ್ದ ಒಬ್ಬ ಖಲಾಸಿಗೆ ಕೊಟ್ಟರು.

ನನಗೆ ಆದದ್ದು ಏನು ಎಂದು ಮುಚ್ಚಿಡದೆ ಹೇಳುತ್ತೇನೆ. ಪರಮ ನಿರಾಳ. ಬದುಕಿಕೊಂಡೆ ಎಂದುಕೊಂಡೆ. ಇಳಿಯುವಾಗ ಮಾವ ನನ್ನ ತೋಳು ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ನಿಂತು ಹೇಳಿದರು: "ನಿಮಗೆ ಅತ್ತಿ ಇಳ್ದು ಅಭ್ಯಾಸ ಚೆನ್ನಾಗೈತೆ ಅಳಿಯಂದ್ರೇ." ಮುದುಕರ ಮಾತು ಎಂದು ಹೂಂ ಎಂದೆ.

ಆಮೇಲೂ ಭಾನುವಾರಗಳು ನಡೆದವು. ನಾನು ದಿಬ್ಬ ಹತ್ತಿದೆ, ಅವರು ಬೆಟ್ಟ ಹತ್ತಿದರು. ಯುದ್ಧ ಮುಗಿಯುವ ಹೊತ್ತಿಗೆ ಅವರು ಹೋದರು. ನಾನು ಏನೂ ಹೇಳಿರಲಿಲ್ಲ. ಹೋದ ಮೇಲೆ ಯಾರಿಗೆ ಹೇಳುವುದು?

ಎಷ್ಟೋ ವರ್ಷ ಕಳೆದ ಮೇಲೆ, ಮೊಮ್ಮಕ್ಕಳನ್ನು ಕೂರಿಸಿಕೊಂಡು, ನೆಲ ಮೇಲೇಳುವ ಕಥೆ ಹೇಳಿ ನಗಿಸುತ್ತಿದ್ದೆ. ನನ್ನ ಹೆಂಡತಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅದನ್ನೇಳಿ ನಗಿಸ್ಬ್ಯಾಡಿ" ಎಂದಳು. "ಅಪ್ಪುಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

ಸರ್ವೆಯವರು ಬರುತ್ತಾರೆಂದು ಗೊತ್ತಾದಾಗ, ಆಫೀಸರಿಗೆ ತೋರಿಸಲು ಸಾಕ್ಷಿ ಬೇಕೆಂದು, ಬಾವಿಯ ನೀರು ನೋಡಲು ಮಾವ ಉರಿಗಾಂಗೆ ಬಂದಿದ್ದರಂತೆ. ನಾನು ಸ್ಟೋರಿನಲ್ಲಿದ್ದೆ. ಅವರು ಅಂಗಳದಲ್ಲಿ ನಿಂತು ಪಡುವಣಕ್ಕೆ ತಿರುಗಿದರಂತೆ. ದಿಬ್ಬ ಕಂಡಿತು. ಬೆಟ್ಟ ಕಾಣಲಿಲ್ಲ. ದಿಬ್ಬದ ಬುಡದವರೆಗೆ ಹೋದರಂತೆ. ಅಲ್ಲಿ ಆ ಬಿಳೀ ಮಣ್ಣಿನಲ್ಲಿ, ಬುಡದಿಂದ ತುದಿಗೆ, ಒಬ್ಬನೇ ಮನುಷ್ಯ ನಡೆದು ನಡೆದು ಬಿದ್ದ ಒಂದು ಕಾಲುದಾರಿ ಇತ್ತು.

"ನಂಗೆ ಅಳು ಬಂದ್ಬುಡ್ತು" ಎಂದಳು ನನ್ನ ಹೆಂಡತಿ. "ಅಪ್ಪ ಬಯ್ತಾರೆ ಅಂತ. ಬಯ್ಲಿಲ್ಲ. ನಿಮಗೆ ಏಳ್ಬ್ಯಾಡ ಅಂದ್ರು. 'ನಂಗೆ ಗೊತ್ತಾಯ್ತು ಅಂದ್ರೆ ನಾಚ್ಕೆಯಾಗಿ ದಿಬ್ಬ ಅತ್ತೋದು ಬುಟ್ಬುಡ್ತಾನೆ. ಆಮ್ಯಾಲೆ ನಿನ್ ಬೆಳಕು ನಂಗೆಲ್ಲಿಂದ ಬತ್ತದೆ?' ಅಂದ್ರು. ಓಗ್ವಾಗ ನಿಮ್ಮ ಮಂಡಿಗೆ ಎಳ್ಳೆಣ್ಣೆ ತಿಕ್ಕು ಅಂದ್ರು."

ಅವಳು ಆಗ ಎಣ್ಣೆ ತಿಕ್ಕಿದ್ದು ನನಗೆ ನೆನಪಿದೆ. ಯಾಕೆ ಎಂದು ನಾನು ಕೇಳಿರಲಿಲ್ಲ.

ಅಂದರೆ ಆ ಭಾನುವಾರ, ಊರೆಲ್ಲ ನೋಡುತ್ತಿದ್ದಾಗ, ಅವರ ಕೈಯಲ್ಲಿ ಎರಡು ಇದ್ದವು. ಒಂದು, ಜೀವನವೆಲ್ಲ ಹೆಮ್ಮೆಪಟ್ಟ ತಮ್ಮ ಕಣ್ಣು. ಇನ್ನೊಂದು, ತಲೆತಗ್ಗಿಸಿ ಚಪ್ಪಲಿ ನೋಡುತ್ತಿದ್ದ ಒಬ್ಬ ಅಳಿಯನ ಮಾನ. ಅವರು ತಮ್ಮ ಕಣ್ಣನ್ನು ಬಿಟ್ಟುಕೊಟ್ಟರು. ಅದು ಎಂದೂ ತಪ್ಪಿರಲಿಲ್ಲ. ಆ ಮೂರನೆಯ ಗೀರು, ಅವರು ಕೊರೆದ ದಿನ ನಾನು ನಿಂತಿದ್ದ ಜಾಗಕ್ಕೆ ಕೂದಲಿನಷ್ಟೂ ತಪ್ಪದೆ ನೇರವಾಗಿತ್ತು.

ಇಷ್ಟು ಹೇಳಿದ ಮೇಲೆ ಎದೆ ಹಗುರವಾಗಿದೆ. ಭಾರ ತೆಗೆದರೆ ತಟ್ಟೆ ಮೇಲಕ್ಕೆ ಬರುತ್ತದೆ ಎಂದು ಅವರು ಹೇಳುತ್ತಿದ್ದದ್ದು ನನ್ನ ವಿಷಯದಲ್ಲಾದರೂ ನಿಜವಾಯಿತು. ಬದುಕಿದ್ದಾಗ ಅವರ ಹೆಸರು ಹಿಡಿದು ಮಾತಾಡಿದವನಲ್ಲ, ಅಳಿಯನಾದವನು ಹಾಗೆ ಮಾಡುವುದಿಲ್ಲ. ಕ್ಷಮಿಸಿ ಎಂದೂ ಹೇಳಿದವನಲ್ಲ. ಇವತ್ತು ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಕ್ಷಮಿಸಿ, ಮಾವ. ಬೌರಿಂಗ್‌ಪೇಟೆಯ ಬೆಟ್ಟದ ಕಲ್ಲು ಕಾಯ್ದವರು, ಮೂರು ಹೆಣ್ಣುಮಕ್ಕಳ ಬೆಳಕು ನೋಡಿ ಊಟಕ್ಕೆ ಇಳಿಯುತ್ತಿದ್ದವರು, ಕಣ್ಣು ಎಂದೂ ತಪ್ಪದವರು. ಅವರ ಹೆಸರು ಪಟೇಲ್ ಸೊಣ್ಣಪ್ಪ.